ದೊರೆಯ ಮಚ್ಚೆಯೂ ಕೀಂ ಎನ್ನುವ ಕಾರ್ಡೂ

ಒಂದಾನೊಂದು ಊರು. ಊರಿನ ಹೆಸರು ತಟ್ಟೂರು. ಎಲ್ಲಿದೆ ಅಂತ ಕೇಳಬೇಡಿ, ಹೇಳಿದರೆ ನಾಳೆಯೇ ಅಲ್ಲಿಗೆ ಸರ್ವೇ ಮಾಡುವವರು ಹೋಗುತ್ತಾರೆ. ಕೂತುಕೊಳ್ಳಿ. ಕೂರಲಾಗದವರು ನಿಂತುಕೊಳ್ಳಿ. ನಿಲ್ಲಲಾಗದವರು ಅತ್ತಿಂದಿತ್ತ ಅಡ್ಡಾಡಿ. ಇದು ಕೈಕಟ್ಟಿ ಕೂತು ಕೇಳುವ ಕತೆಯಲ್ಲ.

ತಟ್ಟೂರಿನಲ್ಲಿ ಒಂದು ಪದ್ಧತಿ. ಏನು ಕೊಂಡರೂ ತಟ್ಟಿ ನೋಡಿ ಕೊಳ್ಳಬೇಕು. ಬೆರಳ ಗೆಣ್ಣು ಮಡಿಸಿ, ಟಕ್ ಟಕ್. ಗಡಿಗೆ ಠಣ್ ಅಂದರೆ ಗಟ್ಟಿ. ಥಡ್ ಅಂದರೆ ಒಡಕು. ಬೊದ್ ಅಂದರೆ ಹಸಿ, ಬೆಂದೇ ಇಲ್ಲ. ತೆಂಗಿನಕಾಯಿ ತಟ್ಟುತ್ತಿದ್ದರು. ಕಲ್ಲಂಗಡಿ ತಟ್ಟುತ್ತಿದ್ದರು. ಇದು ಎಲ್ಲ ಊರಿನಲ್ಲೂ ಇದೆಯಲ್ಲ ಅನ್ನುತ್ತೀರಿ. ತಾಳಿ. ತಟ್ಟೂರಿನವರು ಬೆಣ್ಣೆಯನ್ನೂ ತಟ್ಟುತ್ತಿದ್ದರು. ಎಮ್ಮೆ ಕೊಳ್ಳುವಾಗ ಎಮ್ಮೆಯನ್ನು ಒಂದು ಸಲ, ಮಾರುವವನನ್ನು ಎರಡು ಸಲ ತಟ್ಟುತ್ತಿದ್ದರು. ವರನ ಮಂಡಿ ತಟ್ಟದೆ ಯಾವ ಹೆಣ್ಣೂ ಹೂಂ ಅನ್ನುತ್ತಿರಲಿಲ್ಲ.

ದೊರೆಗೂ ಇದೇ ಪದ್ಧತಿ. ಪಟ್ಟ ಕಟ್ಟುವ ದಿನ ಅವನ ತಲೆಯನ್ನು ಊರ ಮುಂದೆ ಒಂದು ಸಲ ತಟ್ಟಬೇಕು. ಉದ್ದಂಡರಾಯನಿಗೆ ಪಟ್ಟ ಕಟ್ಟಿದ ದಿನವೂ ತಟ್ಟಿದರು. ಬಂದ ಶಬ್ದವನ್ನು ಊರೆಲ್ಲ ಕೇಳಿತು. ಒಬ್ಬರೂ ಬಾಯಿ ಬಿಡಲಿಲ್ಲ. ಶಬ್ದ ಮುಚ್ಚಿಹೋಗಲಿ ಅಂತ ಜೋರಾಗಿ ಚಪ್ಪಾಳೆ ಹೊಡೆದರು. ಅದೇ ತಪ್ಪು. ಆ ತಪ್ಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಯಾವ ಶಬ್ದಕ್ಕೆ ಏನರ್ಥ ಅನ್ನುವುದರಲ್ಲಿ ಊರಿನ ಕೊನೆಯ ಮಾತು ಕುಂಬಾರ ತಿಪ್ಪಕ್ಕನದು. ತಿಪ್ಪಕ್ಕನಿಗೆ ಕಣ್ಣು ಮಂಜು. ನಲವತ್ತು ವರ್ಷ ಆವಿಗೆಯ ಹೊಗೆ ಕುಡಿದ ಕಣ್ಣು, ಇನ್ನು ಹೇಗಿರುತ್ತದೆ? ಗಡಿಗೆ ಸುಡುವ ಕುಳಿಯ ಮುಂದೆ ಕೂತವರಿಗಷ್ಟೇ ಅದು ಗೊತ್ತು. ಆದರೆ ಅವಳ ಕಿವಿ ಇತ್ತಲ್ಲ, ಆ ಕಿವಿ! ನೂರು ಗಡಿಗೆ ಸಾಲಾಗಿ ಇಟ್ಟರೆ ಟಕ್ ಟಕ್ ಅಂತ ತಟ್ಟುತ್ತ ಹೋಗಿ, "ಇದು ಸಂತೆಗೆ, ಇದು ಸಂತೆಗೆ, ಇದು ತಿಪ್ಪೆಗೆ," ಅನ್ನುತ್ತಿದ್ದಳು. ಒಂದೇ ಒಂದು ಸಲವೂ ತಪ್ಪಿದ್ದಿಲ್ಲ. "ಕಣ್ಣು ಹೋದ್ರೆ ಹೋಗ್ಲಿ ಬಿಡ್ರೋ. ನನ್ನ ಅನ್ನ ಕಿವಿಯಾಗೈತೆ," ಅನ್ನುತ್ತಿದ್ದಳು.

ಇನ್ನು ದೊರೆಯ ವಿಷಯ. ದೊರೆ ಉದ್ದಂಡರಾಯನ ಬೆನ್ನಿನ ಮೇಲೆ ಒಂದು ಮಚ್ಚೆ. ಸಾಸಿವೆ ಕಾಳಿನಷ್ಟು. ಅವನು ಅದನ್ನು ನೋಡಿರಲಿಲ್ಲ. ಬೆನ್ನು ಹಿಂದೆ ಇದ್ದುದರಿಂದ.

ಆಸ್ಥಾನದ ಕವಿ ಆ ಮಚ್ಚೆಯ ಮೇಲೆ ನೂರಾಎಂಟು ಪದ್ಯ ಬರೆದಿದ್ದ. ಕವಿಯೂ ಮಚ್ಚೆ ನೋಡಿರಲಿಲ್ಲ. ದೊರೆಗೆ ಹೊಟ್ಟೆಕಿಚ್ಚು. "ನನ್ನ ಮಚ್ಚೆ, ನಾನೇ ನೋಡಿಲ್ಲ. ಇದೇನು ರಾಜ್ಯ?" ಅಂತ ಕೂಗಾಡಿದ. ಕನ್ನಡಿ ತಂದರು. ಕನ್ನಡಿಯಲ್ಲಿ ಎಡದ ಮಚ್ಚೆ ಬಲಕ್ಕೆ ಕಂಡಿತು. "ಸುಳ್ಳು ಹೇಳುತ್ತೆ," ಅಂತ ಕನ್ನಡಿಯನ್ನು ಜೈಲಿಗೆ ಹಾಕಿಸಿದ. ಊರಿನಲ್ಲಿ ನೀರಿಲ್ಲ, ರಸ್ತೆಯಿಲ್ಲ, ಶಾಲೆಗೆ ಸೂರಿಲ್ಲ. ಜೈಲಿನ ತುಂಬ ಕನ್ನಡಿ.

ಆಗ ದಿವಾನ ಹೌದಯ್ಯ ಒಂದು ಉಪಾಯ ಹೇಳಿದ. ಹೌದಯ್ಯನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರು ಏನೇ ಹೇಳಲಿ, ಬಾಯಿ ತಾನಾಗಿ "ಹೌದು" ಅನ್ನುತ್ತಿತ್ತು. ಆಮೇಲೆ ತಲೆ ಯೋಚನೆ ಮಾಡುತ್ತಿತ್ತು. ಕೆಲವು ಸಲ ತಲೆ ಬರುತ್ತಲೇ ಇರಲಿಲ್ಲ.

"ಮಹಾಪ್ರಭು, ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಬಂದಿದೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಹಲಗೆ. ಪರದೆ ಮೇಲೆ ಚಿತ್ರ ಬರೆಯೋದೇ ಅದರ ಕೆಲಸ. ಬೆನ್ನ ಹಿಂದೆ ಕ್ಯಾಮೆರಾ ಇಟ್ಟರೆ ಮಚ್ಚೆಯನ್ನು ಗೋಡೆ ಅಗಲ ಬರೆದು ತೋರಿಸುತ್ತೆ."

"ಸೆಕೆಂಡಿಗೆ ಎಷ್ಟು ಸಲ ಬರೆಯುತ್ತೆ?"

"ಅರವತ್ತು ಸಲ ಸಾಕು ಅಂತಾರೆ, ಪ್ರಭು. ಅದಕ್ಕಿಂತ ಹೆಚ್ಚು ಬರೆದರೂ ಮಾಮೂಲಿ ಕಣ್ಣಿಗೆ ಗೊತ್ತಾಗಲ್ಲವಂತೆ."

"ಪಕ್ಕದ ದೊರೆ ತನ್ನ ಮೊಣಕೈ ನೋಡೋದಕ್ಕೆ ಎಂಟುನೂರು ಇಟ್ಟಿದ್ದಾನಂತೆ. ನನಗೆ ಒಂಬೈನೂರು ಬೇಕು."

"ಹೌದು," ಅಂದ ಹೌದಯ್ಯ.

ಕೇಳಿದಿರಾ? ಮಚ್ಚೆ ಓಡುತ್ತದಾ? ಕುಣಿಯುತ್ತದಾ? ಇದ್ದಲ್ಲೇ ಇರುತ್ತದೆ. ಇದ್ದಲ್ಲೇ ಇರುವ ಮಚ್ಚೆಯನ್ನು ಸೆಕೆಂಡಿಗೆ ಒಂಬೈನೂರು ಸಲ ಬರೆಯಬೇಕಂತೆ. ಬರೆಯುವವರು ಯಾರು ಅಂತ ಯಾರೂ ಕೇಳಲಿಲ್ಲ. ಅದನ್ನು ಯಾವಾಗಲೂ ಯಾರೂ ಕೇಳುವುದಿಲ್ಲ.

ಕಾರ್ಡ್ ಬಂತು. ಹೊಚ್ಚ ಹೊಸದು. ಥಳಥಳ ಹೊಳೆಯುವ ಪೆಟ್ಟಿಗೆ. ಜೊತೆಗೆ ಕಂಪನಿಯ ಏಜೆಂಟ್ ನುಣುಪಪ್ಪ. ತಟ್ಟೂರಿನವರು ಪದ್ಧತಿಯಂತೆ ಗೆಣ್ಣು ಮಡಿಸಿಕೊಂಡು ಮುಂದೆ ಬಂದರು.

"ಅಯ್ಯಯ್ಯೋ, ಮುಟ್ಟಬೇಡಿ!" ಅಂದ ನುಣುಪಪ್ಪ. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದ. ಅದರಲ್ಲಿ ಬರೆದಿತ್ತು: ತಟ್ಟಿದರೆ ಗ್ಯಾರಂಟಿ ಇಲ್ಲ.

"ತಟ್ಟದೆ ಹೆಂಗಪ್ಪಾ ತಗೊಳ್ಳೋದು?" ಅಂದಳು ಗುಂಪಿನ ಹಿಂದಿನಿಂದ ತಿಪ್ಪಕ್ಕ.

"ಗ್ಯಾರಂಟಿ ಇರುವಾಗ ತಟ್ಟೋದ್ಯಾಕಮ್ಮ?"

ದೊರೆಗೆ ಈ ಮಾತು ಬಹಳ ಹಿಡಿಸಿತು. ತಲೆ ತಟ್ಟಿಸಿಕೊಂಡ ದಿನದಿಂದ ಅವನಿಗೆ ತಟ್ಟುವುದು ಅಂದರೆ ಆಗುತ್ತಿರಲಿಲ್ಲ. ತಟ್ಟೂರಿನ ಚರಿತ್ರೆಯಲ್ಲೇ ಮೊದಲ ಸಲ ಒಂದು ಸಾಮಾನು ತಟ್ಟಿಸಿಕೊಳ್ಳದೆ ಊರೊಳಗೆ ಹೋಯಿತು.

ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರು. ದೊರೆಯ ಬೆನ್ನ ಹಿಂದೆ ಕ್ಯಾಮೆರಾ ನಿಲ್ಲಿಸಿದರು. ಗಾಣಕ್ಕೆ ಎತ್ತು ಕಟ್ಟಿ ಕರೆಂಟ್ ಹೊರಡಿಸಿದರು. ಗೋಡೆ ಅಗಲದ ಪರದೆ ಬೆಳಗಿತು. ಪರದೆ ತುಂಬ ಕಪ್ಪು. ಅಷ್ಟೂ ಮಚ್ಚೆಯೇ. ದೊರೆ ಆನಂದದಿಂದ ಅತ್ತ. ಕವಿ ಆನಂದದಿಂದ ಅತ್ತ. ಹೌದಯ್ಯ "ಹೌದು, ಹೌದು," ಅಂತ ಅತ್ತ.

ಅಷ್ಟರಲ್ಲಿ ಕಾರ್ಡ್ ಅಂದಿತು: ಕೀಂ.

ಸಣ್ಣ ಶಬ್ದ. ಸೂಜಿಯಂಥ ಶಬ್ದ. ಸೊಳ್ಳೆಗೆ ಹಲ್ಲುನೋವು ಬಂದರೆ ಹೇಗೋ ಹಾಗೆ. ಕೀಂ. ನಿಲ್ಲಲಿಲ್ಲ. ಅರಮನೆಯಿಂದ ಹೊರಟು ಬೀದಿಗೆ ಬಂತು. ಬೀದಿಯಿಂದ ಅಡುಗೆಮನೆಗೆ ಹೋಯಿತು. ಅಡುಗೆಮನೆಯಿಂದ ಸೀದಾ ದವಡೆಹಲ್ಲಿನ ಬುಡಕ್ಕೆ. ಊರಿನಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಮಲಗಿದವರು ಎದ್ದರು. ಎದ್ದವರು ನಡೆದರು. ನಡೆದವರು ಯಾಕೆ ನಡೆಯುತ್ತಿದ್ದೇವೆ ಅಂತ ಪರಸ್ಪರ ಬೈದುಕೊಂಡರು. ನಾಯಿಗಳು ಊರು ಬಿಟ್ಟವು. ಬೆಕ್ಕುಗಳು ಮಾತ್ರ ಇದ್ದವು, ಬೆಕ್ಕುಗಳಿಗೆ ಮೊದಲಿನಿಂದಲೂ ಎಲ್ಲರ ಮೇಲೂ ಸಿಟ್ಟು.

ಸೋಮವಾರ ಸಂತೆ. ತಿಪ್ಪಕ್ಕ ಹೊಸ ಆವಿಗೆಯ ಗಡಿಗೆ ತಂದು ಸಾಲಾಗಿ ಇಟ್ಟಳು. ಗಿರಾಕಿಯೊಬ್ಬ ಬಂದು ತಟ್ಟಿದ. ಠಣ್. ಠಣ್ಣಿನ ಹಿಂದೆಯೇ ಕೀಂ.

"ಒಡಕಿದೆಯಲ್ಲ ತಿಪ್ಪಕ್ಕ."

"ಗಡಿಗೆ ಒಡಕಲ್ಲೋ. ಅರಮನೆ ಒಡಕು."

ಗಿರಾಕಿ ಪಕ್ಕದ ಗಡಿಗೆ ತಟ್ಟಿದ. ಠಣ್, ಕೀಂ. ತೆಂಗಿನಕಾಯಿ ತಟ್ಟಿದ. ಅದೂ ಕೀಂ. ಬೆಣ್ಣೆ ತಟ್ಟಿದ. ಬೆಣ್ಣೆಯೂ ಕೀಂ. ಎಲ್ಲಾ ಒಡಕು ಅಂತ ಸಂತೆಯೇ ಎದ್ದುಹೋಯಿತು. ಒಂದು ಮದುವೆಯೂ ನಿಂತಿತು. ವರನ ಮಂಡಿ ಕೀಂ ಅಂದಿತಂತೆ.

ಊರಿನವರು ಅರಮನೆಗೆ ಹೋದರು. ಅರಮನೆಯವರು ನುಣುಪಪ್ಪನನ್ನು ಕರೆಸಿದರು. ನುಣುಪಪ್ಪ ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದ.

"ಇದು ದೋಷ ಅಲ್ಲ," ಅಂದ. "ಹೊಸ ಕಾರ್ಡಿನ ಲಕ್ಷಣ. ಒಳಗೆ ತಾಮ್ರದ ತಂತಿಯ ಸುರುಳಿ ಇರುತ್ತೆ. ಕರೆಂಟ್ ಹರಿದಾಗ ಸಣ್ಣಗೆ ಅದುರುತ್ತೆ. ಒಂದು ವಾರ ಬಿಡದೆ ಓಡಿಸಿ, ಅಭ್ಯಾಸ ಆಗುತ್ತೆ."

"ಯಾರಿಗೆ ಅಭ್ಯಾಸ? ಕಾರ್ಡಿಗಾ, ನಮಗಾ?" ಅಂತ ಊರಿನವರು ಕೇಳಿದರು.

"ಯಾರಿಗೆ ಮೊದಲು ಆಗುತ್ತೋ ಅವರಿಗೆ."

ಒಂದು ವಾರ ಓಡಿಸಿದರು. ಕಾರ್ಡಿಗೂ ಆಗಲಿಲ್ಲ, ಊರಿಗೂ ಆಗಲಿಲ್ಲ. ನುಣುಪಪ್ಪ ಮತ್ತೆ ಬಂದ. "ತಪ್ಪು ಕರೆಂಟಿನದು," ಅಂದ. "ಎತ್ತಿನ ಕರೆಂಟ್ ಕುಲುಕುತ್ತೆ. ಎಮ್ಮೆ ಕಟ್ಟಿ." ಎತ್ತು ಬಿಚ್ಚಿ ಎಮ್ಮೆ ಕಟ್ಟಿದರು. ಕೀಂ ಅನ್ನುತ್ತಿದ್ದುದು ಕೋಂ ಅಂದಿತು. ಎಮ್ಮೆ ಬಿಚ್ಚಿ ಹೋತ ಕಟ್ಟಿದರು. ಕ್ಯಾಂ ಅಂದಿತು. ಅದನ್ನು ಕೇಳಲಾರದೆ ಮತ್ತೆ ಎತ್ತು ಕಟ್ಟಿ, ಕೀಂ ಅಂದಾಗ, "ಸದ್ಯ, ಮೊದಲಿನದೇ ವಾಸಿ," ಅಂತ ನಿಟ್ಟುಸಿರು ಬಿಟ್ಟರು. ನೋಡಿ, ಹೀಗೆ ನಮ್ಮನ್ನು ಒಪ್ಪಿಸುತ್ತಾರೆ. ಮೊದಲು ಕೀಂ ಕೊಡುತ್ತಾರೆ. ಆಮೇಲೆ ಕ್ಯಾಂ ಕೊಡುತ್ತಾರೆ. ಕೊನೆಗೆ ಕೀಂ ವಾಪಸ್ ಕೊಟ್ಟು ಹಾರ ಹಾಕಿಸಿಕೊಳ್ಳುತ್ತಾರೆ.

ತಿಪ್ಪಕ್ಕ ಬಿಡಲಿಲ್ಲ. "ಬದಲಿ ಕಾರ್ಡ್ ಕೊಡಪ್ಪಾ," ಅಂದಳು.

"ಧಾರಾಳವಾಗಿ," ಅಂದ ನುಣುಪಪ್ಪ. "ಪೆಟ್ಟಿಗೆ ತೆರೆಯದೆ ವಾಪಸ್ ತಂದರೆ ಬದಲಿ ಕೊಡ್ತೀವಿ."

"ತೆರೆಯದೆ ಇದ್ರೆ ಶಬ್ದ ಬರುತ್ತೆ ಅಂತ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಗೊತ್ತಾಗದೆ ಇದ್ದಮೇಲೆ ಬದಲಿ ಯಾಕೆ?"

"ಹೌದು," ಅಂದ ಹೌದಯ್ಯ.

ಆಮೇಲೆ ಆಸ್ಥಾನದ ಬುದ್ಧಿವಂತನೊಬ್ಬ ಎದ್ದು ನಿಂತ. ಅದುರುವ ಸುರುಳಿಯ ಮೇಲೆ ಅರಗು ಕರಗಿಸಿ ಹೊಯ್ದರೆ ತಂತಿ ಅಲ್ಲಾಡುವುದಿಲ್ಲ, ಶಬ್ದ ನಿಲ್ಲುತ್ತದೆ ಅಂದ. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಯಾರಿಗೂ ಹಿಡಿಸಲಿಲ್ಲ. "ಕಾರ್ಡ್ ಬಿಚ್ಚಿದರೆ ಗ್ಯಾರಂಟಿ ಹೋಗುತ್ತೆ," ಅಂತ ನುಣುಪಪ್ಪ ಚೀಟಿ ತೋರಿಸಿದ.

ದೊರೆ ಯೋಚಿಸಿದ. ಅವನು ಯೋಚಿಸುವುದು ಅಪರೂಪ. ಹೌದಯ್ಯ ಒಳ್ಳೆಯ ಚಾಪೆ ಹಾಸಿಸಿದ.

"ಶಬ್ದ ಅಲ್ಲಿಂದ ಹೊರಡುತ್ತೆ. ಇಲ್ಲಿಗೆ ಬರುತ್ತೆ. ಸರಿಯಾ?" ಅಂದ ದೊರೆ.

"ಹೌದು."

"ಅಲ್ಲಿ ಅರಗು ಹಾಕೋ ಹಾಗಿಲ್ಲ. ಗ್ಯಾರಂಟಿ ಇದೆ. ಸರಿಯಾ?"

"ಹೌದು."

"ಜನರ ಕಿವಿಗೆ ಗ್ಯಾರಂಟಿ ಇದೆಯಾ?"

ಹುಡುಕಿ ನೋಡಿದರು. ಯಾರ ಕಿವಿಯ ಹಿಂದೆಯೂ ಚೀಟಿ ಇರಲಿಲ್ಲ.

"ಹಾಗಾದರೆ ಇಲ್ಲಿ ಹಾಕಿ."

ಡಂಗುರ ಹೊರಟಿತು. ಹುಕುಂ ಒಂದು: ಅರಮನೆಯಲ್ಲಿ ಯಾವ ಶಬ್ದವೂ ಇಲ್ಲ, ಇರಲೂ ಇಲ್ಲ. ಹುಕುಂ ಎರಡು: ಇಲ್ಲದ ಶಬ್ದ ಯಾರಿಗೆ ಕೇಳುತ್ತದೋ ಅವರ ಕಿವಿ ಕೆಟ್ಟಿದೆ. ಹುಕುಂ ಮೂರು: ಕೆಟ್ಟ ಕಿವಿಗೆಲ್ಲ ಅರಗು.

ಅರಮನೆಯ ಮುಂದೆ ಒಲೆ ಹೂಡಿದರು. ಒಲೆಯ ಮೇಲೆ ಅರಗಿನ ಕೊಪ್ಪರಿಗೆ. ಸಾಲು ಬೆಳೆಯಿತು. ಸಿಪಾಯಿ ಒಬ್ಬೊಬ್ಬರನ್ನೇ ನಿಲ್ಲಿಸಿ, "ಶಬ್ದ ಬರ್ತಿದೆಯಾ?" ಅಂತ ಕೇಳುತ್ತಿದ್ದ. "ಬರ್ತಿದೆ," ಅಂದವರಿಗೆ ಅರಗು. "ಬರ್ತಿಲ್ಲ," ಅಂದವರಿಗೆ, "ಇಷ್ಟು ಜೋರಾಗಿ ಬರ್ತಿದೆ, ನಿನಗೆ ಬರ್ತಿಲ್ಲ ಅಂದ್ರೆ ಕಿವಿ ಕೆಟ್ಟಿದೆ," ಅಂತ ಅವರಿಗೂ ಅರಗು. ಸುಮ್ಮನೆ ನಿಂತವರಿಗೆ ಎರಡು ಸೌಟು.

ಅರಗು ಹಾಕಿಸಿಕೊಂಡವರು ಸಂತೆಗೆ ಬಂದರು. ತಟ್ಟಿದರು. ಏನೂ ಕೇಳಲಿಲ್ಲ. ಏನೂ ಕೇಳದ ಮೇಲೆ ಒಡಕೂ ಇಲ್ಲ. ಒಡೆದ ಗಡಿಗೆ ಕೊಂಡು, ನೀರು ತುಂಬಿ, ಬೆನ್ನು ತೋಯಿಸಿಕೊಂಡು ನಗುತ್ತ ಮನೆಗೆ ಹೋದರು. ಹಸಿ ಗಡಿಗೆ ಕೊಂಡು ಒಲೆಯ ಮೇಲೆ ಇಟ್ಟು, ಮಣ್ಣಿನ ಸಾರು ಉಂಡರು.

ತಿಪ್ಪಕ್ಕನ ಪಕ್ಕದಂಗಡಿಯ ಕುಂಬಾರ ಕೆಂಚಣ್ಣ ಎರಡೂ ಕಿವಿಗೆ ಅರಗು ಹಾಕಿಸಿಕೊಂಡು ಕುಣಿಯುತ್ತ ಬಂದ. ಕೇಳಿಸದವರು ಮಾತಾಡುವ ಹಾಗೆ ಕಿರುಚಿದ.

"ಅಕ್ಕಾ! ಹೋಗಿ ಹಾಕಿಸ್ಕಳೇ! ಸುಖ ಐತೆ! ತಿಪ್ಪೆಗೆ ಹಾಕಿದ್ದ ಗಡಿಗೇನೂ ಮಾರಿದೆ!"

"ಹೊಟ್ಟೆಗೆ ಏನ್ ತಿಂತೀಯೋ ಕೆಂಚಾ? ಆ ಗಡಿಗೇಲಿ ಯಾರ ಮನೆ ಕೂಸಿಗೆ ಗಂಜಿ ಕಾಯಿಸ್ತಾರೋ, ನಿನಗೆ ಗೊತ್ತಾ?"

"ಹಾಂ? ಊಟ ಆತು, ಮುದ್ದೆ!" ಅಂದ ಕೆಂಚಣ್ಣ. ಹೋದ.

ತಿಪ್ಪಕ್ಕ ತನ್ನ ಗಡಿಗೆಗಳ ನಡುವೆ ನಿಂತಳು. ಮಂಜು ಕಣ್ಣಿಗೆ ಅವು ಗಡಿಗೆಗಳಾಗಿ ಕಾಣುತ್ತಿರಲಿಲ್ಲ, ಕೆಂಪಗೆ ಏನೋ ಗುಡ್ಡೆ ಬಿದ್ದ ಹಾಗೆ ಕಾಣುತ್ತಿತ್ತು. ತಟ್ಟಿದರೆ ಮಾತ್ರ ಗಡಿಗೆ. ಕಿವಿಗೆ ಅರಗು ಬಿದ್ದರೆ ನಾಳೆಯಿಂದ ಅವಳಿಗೆ ಆವಿಗೆಯೂ ಇಲ್ಲ, ಸಂತೆಯೂ ಇಲ್ಲ, ಅವಳೂ ಇಲ್ಲ. ಸಾಲಿನಲ್ಲಿ ನಿಲ್ಲಲಿಲ್ಲ. ಸಾಲು ಮುರಿದುಕೊಂಡು ಸೀದಾ ಕೊಪ್ಪರಿಗೆಯ ಹತ್ತಿರ ಹೋದಳು.

"ಶಬ್ದ ಬರ್ತಿದೆಯಾ?" ಅಂದ ಸಿಪಾಯಿ.

"ಬರ್ತೈತೆ. ಎಲ್ಲಿಂದ ಬರ್ತೈತೆ ಅಂತಾನೂ ಗೊತ್ತು. ದೊರೆನ ಕರಿ."

ದೊರೆ ಬೆನ್ನು ತೋರಿಸಿಕೊಂಡೇ ಬಂದ. ಕ್ಯಾಮೆರಾ ಹಿಂದೆಯೇ ಬಂತು, ಅದರ ಹಿಂದೆ ಕಂಪ್ಯೂಟರನ್ನೂ ಪರದೆಯನ್ನೂ ಹೊತ್ತುಕೊಂಡು ಆಳುಗಳು ಬಂದರು. ಪರದೆಯ ಮೇಲೆ ಮಚ್ಚೆ, ಕಂಪ್ಯೂಟರಿನೊಳಗೆ ಕೀಂ.

"ಏನಮ್ಮ, ಅರಗು ಬಿಸಿ ಜಾಸ್ತಿಯಾಯ್ತಾ? ಆರಿಸಿ ಹಾಕಿಸ್ತೀವಿ."

"ದೊರೆಗಳೇ, ನಾನು ಕಾರ್ಡ್ ತಟ್ಟಿ ನೋಡ್ಬೇಕು."

"ಗ್ಯಾರಂಟಿ ಹೋಗುತ್ತೆ!" ಅಂತ ನುಣುಪಪ್ಪ ಎರಡೂ ಕೈ ಅಡ್ಡ ಹಿಡಿದ.

"ಗ್ಯಾರಂಟಿ ಇದ್ದು ಏನು ಕೊಡ್ತಪ್ಪಾ? ಅರಗು ಕೊಡ್ತು."

ದೊರೆಗೆ ಪಂದ್ಯ ಅಂದರೆ ಹುಚ್ಚು. "ಆಗಲಿ," ಅಂದ. "ನೀನು ತಟ್ಟಿ, ಶಬ್ದ ನಿಂತರೆ ನಿನ್ನ ಕಿವಿ ನಿನಗೆ. ನಿಲ್ಲದೆ ಇದ್ದರೆ ಕಿವಿಗೂ ಅರಗು, ಬೆರಳಿಗೂ ಅರಗು. ಊರ ಮುಂದೆ ಮಾತು."

"ಹೌದು," ಅಂದ ಹೌದಯ್ಯ.

ತಿಪ್ಪಕ್ಕ ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಬೆರಳು ಒರೆಸಿಕೊಂಡಳು. ಕಾರ್ಡಿನ ಬೆನ್ನ ಮೇಲೆ ಮೆಲ್ಲಗೆ ತಟ್ಟಿದಳು. ಟಕ್ ಟಕ್.

ಠಣ್!

"ಒಡಕಿಲ್ಲ," ಅಂದಳು. "ಹಸೀನೂ ಅಲ್ಲ. ಚಿನ್ನದಂಥ ಮಾಲು." ಆಮೇಲೆ ಬಗ್ಗಿ ಕೇಳಿದಳು, "ಯಾಕೋ ಮಗಾ, ಅಳ್ತೀಯ?"

ಕಾರ್ಡ್ ತಡವರಿಸಿಕೊಂಡು ಮಾತಾಡಿತು.

"ಯಾರವ್ವಾ ಅದು? ಹುಟ್ಟಿದಾಗಿನಿಂದ ಒಬ್ಬರೂ ನನ್ನ ತಟ್ಟಿಲ್ಲ. ನಾನು ಅಳ್ತಿಲ್ಲವ್ವಾ. ನಡುಗ್ತಿದೀನಿ."

"ಚಳೀನಾ?"

"ಚಳಿ ಎಲ್ಲಿ, ಮೈಯೆಲ್ಲ ಕಾದೈತೆ. ಮೂರು ಫ್ಯಾನು ತಿರುಗಿದ್ರೂ ಆರಲ್ಲ. ಸೆಕೆಂಡಿಗೆ ಒಂಬೈನೂರು ಸಲ ಮಚ್ಚೆ ಬರೀಬೇಕು. ಒಂದು ಬರೆದು ಉಸಿರು ತಗೊಳ್ಳೋಣ ಅಂದ್ರೆ ಇನ್ನೊಂದು. ಕರೆಂಟ್ ಜಗ್ಗ್ತೀನಿ, ಬಿಡ್ತೀನಿ, ಜಗ್ಗ್ತೀನಿ, ಬಿಡ್ತೀನಿ. ಒಳಗಿನ ತಾಮ್ರದ ಸುರುಳಿ ತಡೀತಾ ಇಲ್ಲವ್ವಾ. ಅದು ನಡುಗಿದ್ದೇ ನಿಮಗೆ ಕೀಂ ಅಂತ ಬರುತ್ತೆ."

"ಮಚ್ಚೆ ಏನಾದ್ರೂ ಅಲ್ಲಾಡ್ತದಾ?"

"ಒಂದು ಕೂದಲಷ್ಟೂ ಇಲ್ಲ."

"ಮತ್ತೆ ಯಾಕೋ ಬರೀತೀಯ?"

"ಬರಿ ಅಂತಾರೆ, ಬರೀತೀನಿ. ಸಾಕು ಅಂತ ಯಾರೂ ಅನ್ನಲಿಲ್ಲ."

ಸಾಲಿನಲ್ಲಿ ನಿಂತವರಲ್ಲಿ ಕಿವಿ ಇದ್ದವರೆಲ್ಲ ಈ ಮಾತು ಕೇಳಿದರು. ಕೇಳಿ ತಮ್ಮ ತಮ್ಮ ಕೈ ನೋಡಿಕೊಂಡರು. ಒಬ್ಬನ ಕೈಯಲ್ಲಿ ಮಚ್ಚೆಯ ಮೆರವಣಿಗೆಗೆ ಹೊತ್ತ ಪಲ್ಲಕ್ಕಿಯ ಬೊಬ್ಬೆ. ಒಬ್ಬಳ ಕೈಯಲ್ಲಿ ಜೈಲಿನ ಕನ್ನಡಿ ಒರೆಸಿದ ಗಾಯ.

ತಿಪ್ಪಕ್ಕ ಎದ್ದಳು. "ದೊರೆಗಳೇ, ಪರದೇಲಿ ನಿಮಗೆ ಎಷ್ಟು ಮಚ್ಚೆ ಕಾಣ್ತವೆ?"

"ಒಂದು."

"ಮಿಕ್ಕ ಎಂಟುನೂರ ತೊಂಬತ್ತೊಂಬತ್ತು ಯಾರಿಗೆ?"

ದೊರೆ ಹೌದಯ್ಯನ ಮುಖ ನೋಡಿದ. ಹೌದಯ್ಯ ನುಣುಪಪ್ಪನ ಮುಖ ನೋಡಿದ. ನುಣುಪಪ್ಪ ಚೀಟಿ ನೋಡಿದ. ಚೀಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

"ಮಗಾ," ಅಂದಳು ತಿಪ್ಪಕ್ಕ ಕಾರ್ಡಿಗೆ. "ಸೆಕೆಂಡಿಗೆ ಒಂದು ಬರಿ ಸಾಕು. ಬರೆದು ಉಸಿರು ತಗೋ. ಮಚ್ಚೆ ಎದ್ದು ಹೋದ್ರೆ ಆಗ ನೋಡ್ಕೊಳ್ಳೋಣ."

ಕಾರ್ಡ್ ಒಂದು ಬರೆಯಿತು. ಉಸಿರು ಬಿಟ್ಟಿತು. ಕೀಂ ಅನ್ನುವುದು ಕಿ ಆಯಿತು. ಆಮೇಲೆ ಕಿ ಕೂಡ ಇಲ್ಲ.

ಊರು ನಿಶ್ಶಬ್ದವಾಯಿತು. ಗಾಣದ ಎತ್ತು ನಿಂತು ಕಿವಿ ಅಲ್ಲಾಡಿಸಿತು. ಊರಾಚೆ ಒಂದು ನಾಯಿ ಬೊಗಳಿದ್ದು ಕೇಳಿಸಿತು. ಕೊಪ್ಪರಿಗೆಯಲ್ಲಿ ಅರಗು ಕೊತಕೊತ ಅಂದದ್ದು ಕೇಳಿಸಿತು. ಪರದೆಯ ಮೇಲೆ ಮಚ್ಚೆ ಹಾಗೆಯೇ ಇತ್ತು. ಒಂದು ಕೂದಲಷ್ಟೂ ಕಮ್ಮಿಯಾಗಿರಲಿಲ್ಲ.

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿರಾ? ದೊರೆಗಳು ಆಡಿದ ಮಾತಿಗೆ ನಿಲ್ಲುವವರಾಗಿದ್ದರೆ ಕತೆ ಹೇಳುವವರಿಗೆ ಕೆಲಸವೇ ಇರುತ್ತಿರಲಿಲ್ಲ.

"ಸೆಕೆಂಡಿಗೆ ಒಂದಾ?" ದೊರೆಯ ಮುಖ ಕೆಂಪಾಯಿತು. "ಪಕ್ಕದ ದೊರೆಯ ಮೊಣಕೈ ಎಂಟುನೂರು, ನನ್ನ ಮಚ್ಚೆ ಒಂದಾ? ಹೌದಯ್ಯ, ಇವಳ ಕಿವಿ ಉಳಿಯೋ ಹಾಗಿಲ್ಲ. ಏನಾದರೂ ಮಾಡು."

ಹೌದಯ್ಯ ಹುಕುಮಿನ ಕಾಗದ ಬಿಡಿಸಿದ.

"ಮಹಾಪ್ರಭು, ಹುಕುಂ ಒಂದರ ಪ್ರಕಾರ ಅರಮನೆಯಲ್ಲಿ ಶಬ್ದ ಇರಲೇ ಇಲ್ಲ. ಇಲ್ಲದ ಶಬ್ದವನ್ನು ಇವಳು ಹೇಗೆ ನಿಲ್ಲಿಸಿದಳು? ನಿಲ್ಲಿಸೋಕೆ ಸಾಧ್ಯವೇ ಇಲ್ಲ. ಆದ್ದರಿಂದ ಪಂದ್ಯ ಸೋತಳು."

"ಸೌಟು ತನ್ನಿ!" ಅಂದ ದೊರೆ.

ಸಿಪಾಯಿ ಸೌಟು ತಂದ. ಅರಗಿನ ಹೊಗೆ ತಿಪ್ಪಕ್ಕನ ಕೆನ್ನೆಗೆ ತಾಗಿತು. ಸಾಲಿನಲ್ಲಿದ್ದವರು ನೆಲ ನೋಡಿದರು. ಪಟ್ಟ ಕಟ್ಟಿದ ದಿನವೂ ಹೀಗೆಯೇ ನೋಡಿದ್ದರು.

"ಹಾಕಿ," ಅಂದಳು ತಿಪ್ಪಕ್ಕ. "ಆದ್ರೆ ದೊರೆಗಳೇ, ಈ ಕಿವಿ ಹೋಗೋಕೆ ಮುಂಚೆ ಕೊನೇದಾಗಿ ಒಂದೇ ಒಂದು ತಟ್ಟಿ ಕೇಳ್ತೀನಿ. ನಲವತ್ತು ವರ್ಷದ ಕಸುಬು. ಇಷ್ಟು ಮಾತ್ರ ಬಿಡ್ರಿ."

"ಏನು ತಟ್ಟುತ್ತೀಯ, ತಟ್ಟಿಕೋ," ಅಂದ ದೊರೆ. ಮಚ್ಚೆ ನೋಡಲು ಬೆನ್ನು ತಿರುಗಿಸಿ ನಿಂತಿದ್ದ.

ತಿಪ್ಪಕ್ಕ ಕೈ ಚಾಚಿದಳು. ಅವನ ಕಿರೀಟವನ್ನು ಮುಚ್ಚಳ ತೆಗೆಯುವ ಹಾಗೆ ತೆಗೆದು ಪಕ್ಕಕ್ಕಿಟ್ಟಳು. ಗೆಣ್ಣು ಮಡಿಸಿದಳು. ನೆತ್ತಿಯ ಮೇಲೆ, ಗಡಿಗೆಗೆ ತಟ್ಟುವ ಹಾಗೆಯೇ, ಸಿಟ್ಟಿಲ್ಲದೆ, ಟಕ್ ಟಕ್.

ಬೊದ್.

ಕೀಂ ಇರಲಿಲ್ಲವಲ್ಲ. ಚಪ್ಪಾಳೆಯೂ ಇರಲಿಲ್ಲ. ಊರ ಈ ತುದಿಯಿಂದ ಆ ತುದಿಗೆ ಸ್ಪಷ್ಟವಾಗಿ ಕೇಳಿಸಿತು.

"ಹಸಿ," ಅಂದಳು ತಿಪ್ಪಕ್ಕ. "ಬೆಂದೇ ಇಲ್ಲ."

"ಹೌದು," ಅಂದ ಹೌದಯ್ಯ.

ಬಾಯಿ ಮೊದಲು ಅಂದುಬಿಟ್ಟಿತು. ತಲೆ ಆಮೇಲೆ ಓಡಿ ಬಂತು. ಅಷ್ಟರಲ್ಲಿ ಊರಿನವರೆಲ್ಲ ನೆಲದಿಂದ ಮುಖ ಎತ್ತಿದ್ದರು. ದಿವಾನರೇ ಹೌದು ಅಂದಮೇಲೆ ಅದು ಸರ್ಕಾರಿ ಮಾತು. ಸಿಪಾಯಿ ಸೌಟನ್ನು ಮೆಲ್ಲಗೆ ಕೊಪ್ಪರಿಗೆಯೊಳಗೆ ಬಿಟ್ಟ.

"ಏನಂದ್ರು? ಏನಂದ್ರು?" ಅಂತ ಅರಗು ಹಾಕಿಸಿಕೊಂಡವರು ಬಾಯಿ ಬಾಯಿ ನೋಡಿದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸದ ಮೇಲೆ ತಾವೇ ತಟ್ಟಿ, ಬೆರಳಿನಲ್ಲಿ ತಿಳಿದುಕೊಳ್ಳಬೇಕಲ್ಲ? ಮೊದಲು ಕೆಂಚಣ್ಣ ಬಂದ. ತಟ್ಟಿದ. ಬೆರಳಿಗೆ ಗೊತ್ತಾಯಿತು. "ಥೂ, ಹಸಿ!" ಅಂತ ಕಿರುಚಿದ. ಅವನ ಹಿಂದೆ ಅವನ ಹೆಂಡತಿ. ಅವಳ ಹಿಂದೆ ನಿಂತುಹೋದ ಮದುವೆಯ ವರ. ಅರಗಿನ ಸಾಲು ಇತ್ತಲ್ಲ, ಅದೇ ಸಾಲು ತಿರುಗಿ ತಟ್ಟುವ ಸಾಲಾಯಿತು. ಸಾಲಿನಲ್ಲಿ ನಿಲ್ಲುವುದನ್ನು ದೊರೆಯೇ ಕಲಿಸಿದ್ದ.

ಊರೆಲ್ಲ ತಟ್ಟಿ ಮುಗಿಸುವ ಹೊತ್ತಿಗೆ ದೊರೆಯ ತಲೆಯ ತುಂಬ ಬುಗುಟು. ಕಿರೀಟ ತಂದು ಇಟ್ಟರು. ಕೂರಲಿಲ್ಲ. ಜಾರಿ ಬಿತ್ತು. ಎಳೆದು ಇಟ್ಟರು. ಹಾರಿ ಬಿತ್ತು. ಕಿರೀಟ ಕೂರದ ತಲೆ ದೊರೆಯ ತಲೆಯಲ್ಲ ಅಂತ ಕಾನೂನಿನಲ್ಲೇ ಇತ್ತು. ಉದ್ದಂಡರಾಯ ನುಣುಪಪ್ಪನ ಕಾಲು ಹಿಡಿದ. "ನನ್ನನ್ನಾದರೂ ವಾಪಸ್ ತಗೊಳ್ಳಪ್ಪಾ."

"ಸಾಧ್ಯವಿಲ್ಲ," ಅಂದ ನುಣುಪಪ್ಪ. "ನಿಮ್ಮನ್ನು ತಟ್ಟಿದ್ದಾರೆ."

ಪದ್ಧತಿಯಂತೆ ಹಸಿ ಮಾಲು ಆವಿಗೆಗೆ ಹೋಗಬೇಕು. "ಬರ್ರಿ ದೊರೆಗಳೇ, ಆವಿಗೆ ಬಿಸಿ ಐತೆ," ಅಂದಳು ತಿಪ್ಪಕ್ಕ. ಒಳಗೆ ಹಾಕಲಿಲ್ಲ, ಹೆದರಬೇಡಿ. ಆವಿಗೆಯ ಮುಂದೆ ಕೂರಿಸಿ ಸೌದೆ ಕೊಟ್ಟಳು. ಹೊಗೆ ಕುಡಿಯುತ್ತ, ಕಣ್ಣೊರೆಸಿಕೊಳ್ಳುತ್ತ ಉರಿ ಹಾಕುತ್ತಾನೆ. ಪ್ರತಿ ಸೋಮವಾರ ಅವಳು ಬಂದು ತಟ್ಟಿ ನೋಡುತ್ತಾಳೆ. ಇನ್ನೂ ಬೊದ್ ಅಂತಲೇ ಅನ್ನುತ್ತದಂತೆ. ಸ್ವಲ್ಪ ಕಮ್ಮಿಯಾಗಿದೆಯಂತೆ.

ಊರಿನವರ ಕಿವಿಯ ಅರಗನ್ನು ಹರಳೆಣ್ಣೆ ಬಿಸಿ ಮಾಡಿ ತೆಗೆದರು. ಕನ್ನಡಿಗಳು ಜೈಲಿನಿಂದ ಬಂದವು. ಕಾರ್ಡ್ ಈಗ ತಿಪ್ಪಕ್ಕನ ಅಂಗಡಿಯಲ್ಲಿದೆ. ಗಿರಾಕಿ ಬಂದರೆ ಗಡಿಗೆಯ ಮೇಲೆ ಯಾವ ಚಿತ್ತಾರ ಬೇಕು ಅಂತ ಕೇಳಿ, ಬರೆದು ತೋರಿಸುತ್ತದೆ. ಒಂದು ಬರೆಯುತ್ತದೆ, ಉಸಿರು ತಗೊಳ್ಳುತ್ತದೆ. ಊಟದ ಹೊತ್ತಿಗೆ ರಜೆ.

ನೀತಿ ಏನು ಅಂತೀರಾ? ಯಾವುದರ ಮೇಲೆ ತಟ್ಟಬೇಡಿ ಅಂತ ಬರೆದಿದೆಯೋ ಅದನ್ನು ಮೊದಲು ತಟ್ಟಿ. ಹೊಸ ಸಾಮಾನು ಕೀಂ ಅಂದರೆ ಕಿವಿ ಮುಚ್ಚಿಕೊಳ್ಳಬೇಡಿ. ಅದಕ್ಕೆ ಎಷ್ಟು ಕೆಲಸ ಹೇರಿದ್ದಾರೆ, ಯಾರ ಮಚ್ಚೆಗೆ ಹೇರಿದ್ದಾರೆ, ಕೇಳಿ. ಆಮೇಲೆ ಪಕ್ಕದಲ್ಲಿ ಕೂತವರನ್ನೂ ಅದನ್ನೇ ಕೇಳಿ. ಶ್, ಒಂದು ನಿಮಿಷ. ಈಗ ಏನೋ ಸಣ್ಣಗೆ ಅಂದಿತಲ್ಲ? ನಿಮ್ಮ ಮನೆಯದಾ, ನಮ್ಮ ಮನೆಯದಾ?

ತಟ್ಟೂರಿನ ಗಡಿಗೆಯಲ್ಲಿ ನೀರು ತಣ್ಣಗಿದೆ. ನಮ್ಮ ಗಡಿಗೆ ಇನ್ನೂ ತಟ್ಟಿಲ್ಲ. ಏಳಿ, ಬೆರಳು ಮಡಿಸಿ.